ನೆಲದ ಕೆಳಗಿನ ಲೆಕ್ಕ

ಪೀಣ್ಯದಲ್ಲಿ ಮನೆ ಮಾಡಿರುವ ನಮ್ಮಂಥವರು ‘ಪೇಟೆಗೆ ಹೋಗಿ ಬರ್ತೀವಿ’ ಎಂದರೆ ಅದಕ್ಕೆ ಒಂದೇ ಅರ್ಥ. ಮದುವೆಯ ಸೀರೆಗೆ ಚಿಕ್ಕಪೇಟೆ, ಹಬ್ಬದ ಹೂವಿಗೆ ಕೃಷ್ಣರಾಜ ಮಾರುಕಟ್ಟೆ, ಮಕ್ಕಳ ಹಳೆಯ ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ. ಮೊದಲೆಲ್ಲ ಬಸ್ಸಿನಲ್ಲಿ ನಿಂತು ನಿಂತು ಕಾಲು ಊದಿಕೊಳ್ಳುತ್ತಿತ್ತು. 2017ರ ಜೂನ್‌ನಿಂದ ಮೆಟ್ರೋ ರೈಲು ನಮ್ಮನ್ನು ನೇರವಾಗಿ ಚಿಕ್ಕಪೇಟೆಯ ನೆಲದಡಿಯಲ್ಲೇ ಇಳಿಸುತ್ತದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ನಾವು ಕಾಲಿಡುವುದು ಐನೂರು ವರ್ಷಕ್ಕೆ ಹತ್ತಿರವಾದ ಒಂದು ರಸ್ತೆಯ ಮೇಲೆ.

ಈ ರಸ್ತೆಯ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿದರು. ದೊಡ್ಡಪೇಟೆಯ ಚೌಕದಲ್ಲಿ ನಾಲ್ಕು ನೇಗಿಲಿಗೆ ಬಿಳಿಯ ಎತ್ತುಗಳನ್ನು ಹೂಡಿಸಿ ನಾಲ್ಕು ದಿಕ್ಕಿಗೆ ಹೊಡೆಸಿದರು. ಆ ಉಳುಮೆಯ ಗೆರೆಗಳೇ ಬೀದಿಗಳಾದವು ಎಂದು ಹೇಳಿಕೆ. ದೊಡ್ಡಪೇಟೆಯ ಬೀದಿಯೇ ಇಂದಿನ ಅವೆನ್ಯೂ ರಸ್ತೆ. ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ಒಮ್ಮೆ ಹೀಗೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಆ ರೋಡಿಗೆ ಕಂಟ್ರಾಕ್ಟರ್ ಯಾರು?” ಎಂದ. ತರಗತಿಯೆಲ್ಲ ನಕ್ಕಿತು. ಅವನು ಮಾತ್ರ ನಗಲಿಲ್ಲ. ಅವನ ತಂದೆ ತಾಯಿ ಇಬ್ಬರೂ ರಸ್ತೆ ಕೆಲಸದವರು. ರಸ್ತೆ ಎಂದರೆ ಒಬ್ಬ ಕಂಟ್ರಾಕ್ಟರು, ಒಬ್ಬ ಮೇಸ್ತ್ರಿ, ವಾರದ ಬಟವಾಡೆ ಎಂದೇ ಅವನು ಬಲ್ಲ.

ನಗುವ ಪ್ರಶ್ನೆಯಲ್ಲ ಅದು. ಚರಿತ್ರೆಯ ಪುಸ್ತಕಗಳು ಊರು ಕಟ್ಟಿದವರ ಹೆಸರು ಹೇಳುತ್ತವೆ. ಯಾರು ಮಣ್ಣು ಹೊತ್ತರು, ಎಷ್ಟು ಕೂಲಿ ಪಡೆದರು, ಕೆಲಸ ಸರಿಯಾಗಿದೆಯೆಂದು ಯಾರು ನೋಡಿದರು, ಇದನ್ನು ಹೇಳುವುದಿಲ್ಲ. ಮೈಸೂರು ಸೀಮೆಯಲ್ಲಿ ಈ ಲೆಕ್ಕ ಕ್ರಮವಾಗಿ ಕಾಗದಕ್ಕೆ ಇಳಿಯತೊಡಗಿದ್ದು ಕಬ್ಬನ್ ಸಾಹೇಬರ ಆಡಳಿತದಲ್ಲಿ, 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ ಮೇಲೆ ಎನ್ನಬಹುದು. 1862ರಲ್ಲಿ ಪೇಟೆಗೆ ಮುನಿಸಿಪಾಲಿಟಿ ಬಂತು. ಅಂದಾಜುಪಟ್ಟಿ, ದರಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇವು ಇಂದಿಗೂ ಸರ್ಕಾರಿ ರಸ್ತೆಯ ನಾಲ್ಕು ಕಂಬಗಳು. ಎಂಜಿನಿಯರು ಅಂದಾಜು ಹಾಕುತ್ತಾರೆ, ಟೆಂಡರು ಕರೆಯುತ್ತಾರೆ, ಅರ್ಹತೆ ಇದ್ದವರಲ್ಲಿ ಕಡಿಮೆ ದರ ಬರೆದವರಿಗೆ ಕೆಲಸ ಸಿಗುತ್ತದೆ, ಮಾಡಿದ್ದನ್ನು ಅಳೆದು ಪುಸ್ತಕದಲ್ಲಿ ಬರೆದರೆ ಹಣ. ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಆದರೆ ಹಾಲು ಕಣ್ಣಿಗೆ ಕಾಣುತ್ತದೆ. ರಸ್ತೆಯ ಮುಕ್ಕಾಲು ಪಾಲು ಕಾಣುವುದಿಲ್ಲ. ಅದರಲ್ಲೂ ಹಳೆಯ ಪೇಟೆಯ ರಸ್ತೆ!

ಅದರ ಒಡಲಲ್ಲಿ ಏನೇನಿದೆ ನೋಡಿ. 1896ರ ಹೊತ್ತಿಗೆ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಕೊಳಾಯಿಯ ನೀರು ಬಂತು. ಈ ಹೆಸರಘಟ್ಟ ನಮ್ಮ ಪೀಣ್ಯದ ಕಡೆಯದು ಎಂದು ನೆನಪಿಸಿಕೊಂಡರೆ ನನಗೆ ಸ್ವಲ್ಪ ಹೆಮ್ಮೆ. 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಿನ ಕೇರಿಗಳಿಗೆ ಗಾಳಿ ಬೆಳಕು ಬೇಕೆಂದು ಪೇಟೆಯಲ್ಲಿ ಮನೆಗಳನ್ನು ಕೆಡವಿ ಬೀದಿ ಅಗಲ ಮಾಡಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಆ ಭಯದಲ್ಲೇ. 1905ರ ಆಗಸ್ಟ್‌ನಲ್ಲಿ ಬೀದಿಗೆ ವಿದ್ಯುದ್ದೀಪ ಬಂತು. ಆಮೇಲೆ ಒಳಚರಂಡಿ, ಟೆಲಿಫೋನು, 1974ರಿಂದ ಕಾವೇರಿ ನೀರು, ಈಚೆಗೆ ಇಂಟರ್‌ನೆಟ್ಟಿನ ತಂತಿ, ಎಲ್ಲಕ್ಕೂ ಕೆಳಗೆ ಮೆಟ್ರೋ ಸುರಂಗ. ಅಜ್ಜಿಯ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಸೀರೆ ಇಟ್ಟ ಹಾಗೆ, ಒಂದೊಂದು ಕಾಲವೂ ತನ್ನದೊಂದು ಪದರವನ್ನು ಇಟ್ಟು ಹೋಗಿದೆ. ಯಾವುದು ಎಲ್ಲಿದೆ ಎಂದು ಹೇಳುವ ಒಂದು ಪೂರ್ಣ ನಕ್ಷೆಯಿಲ್ಲದೆ ಇಂಥ ಕಡೆ ಹಾರೆ ಹಾಕುವುದೆಂದರೆ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಮೇಲಿನ ಕಥೆ ಬೇರೆ. ಪೇಟೆಯ ಹಳೆಯ ಅಂಗಡಿಗಳಿಗೆ ಹೋದಾಗ ನೀವೂ ಗಮನಿಸಿರಬಹುದು: ಕೆಲವಕ್ಕೆ ಮೆಟ್ಟಿಲು ಹತ್ತುವ ಬದಲು ಇಳಿದು ಒಳಗೆ ಹೋಗಬೇಕು. ಕಟ್ಟಿದವರು ಹಳ್ಳದಲ್ಲಿ ಅಂಗಡಿ ಕಟ್ಟಿದರೇ? ಇಲ್ಲ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಮತ್ತೊಂದು ಪದರ ಹಾಸುತ್ತಾ ಹೋದರೆ ರಸ್ತೆ ಏರುತ್ತದೆ, ಹೊಸ್ತಿಲು ತಗ್ಗುತ್ತದೆ. ಕೆರೆಯುವುದಕ್ಕೆ ಬೇರೆ ದರ, ಬೇರೆ ಯಂತ್ರ, ಬೇರೆ ದಿನ. ಅಂದಾಜಿನಲ್ಲಿ ಅದನ್ನು ಬರೆಯದಿದ್ದರೆ ಗುತ್ತಿಗೆದಾರ ಮಾಡಬೇಕಾದ್ದಿಲ್ಲ. ಮಾಡಿದರೆ ಅವನಿಗೇ ನಷ್ಟ. ಮಳೆಗಾಲದಲ್ಲಿ ನೀರು ಒಳಗೆ ನುಗ್ಗಿ ಬಟ್ಟೆಯ ಗಂಟು ನೆನೆದಾಗ ಆ ನಷ್ಟ ಯಾವ ಅಳತೆ ಪುಸ್ತಕದಲ್ಲೂ ಬರುವುದಿಲ್ಲ. ಹಾಸಿದ್ದಕ್ಕೆ ಹಣ ಕೊಡುವ ಕಾಗದ, ಹೂತದ್ದಕ್ಕೂ ತಗ್ಗಿದ್ದಕ್ಕೂ ಲೆಕ್ಕ ಇಡುವುದಿಲ್ಲ. ಹಳೆಯ ಊರುಗಳ ರಸ್ತೆಯ ಗೋಳೆಲ್ಲ ಇದರಲ್ಲಿದೆ ಎಂದು ನನಗೆ ತೋರುತ್ತದೆ.

ಇದನ್ನು ತಿದ್ದುವ ಯತ್ನಗಳೇ ಆಗಿಲ್ಲ ಎನ್ನಲಾರೆ. ಬೆಂಗಳೂರಿನಲ್ಲಿ ‘ಟೆಂಡರ್‌ಶ್ಯೂರ್’ ಎಂಬ ಹೊಸ ಪದ್ಧತಿ ಬಂತು. ಟೆಂಡರು ಕರೆಯುವ ಮೊದಲೇ ರಸ್ತೆಯ ಹೊಟ್ಟೆಯೊಳಗಿನದನ್ನೆಲ್ಲ ಗೊತ್ತುಮಾಡಿಕೊಳ್ಳಬೇಕು. ಕೊಳವೆ, ತಂತಿಗಳನ್ನು ಕಾಲುದಾರಿಯ ಕೆಳಗಿನ ನಾಳಗಳಲ್ಲಿ ಹಾಯಿಸಬೇಕು. ಮುಂದೆ ಯಾರಿಗೆ ಏನು ಬೇಕಾದರೂ ಮುಚ್ಚಳ ತೆಗೆದು ನೋಡಬೇಕೇ ಹೊರತು ರಸ್ತೆ ಅಗೆಯಬಾರದು. ನಡೆಯುವವರಿಗೆ ಅಗಲವಾದ ಜಾಗ ಬಿಡಬೇಕು. ಮೊದಲು ಇದು ಆದದ್ದು ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಟ್ಠಲ್ ಮಲ್ಯ ರಸ್ತೆಗಳಂಥ ದಂಡು ಪ್ರದೇಶದ ಕಡೆ. 2018ರಲ್ಲಿ ಚರ್ಚ್ ಸ್ಟ್ರೀಟ್ ಕಲ್ಲುಹಾಸಿನೊಂದಿಗೆ ತೆರೆದುಕೊಂಡಿತು. ಸೀರೆಯ ನೆರಿಗೆ ಎತ್ತಿ ಹಿಡಿಯದೆ ನಡೆಯಬಹುದಾದ ರಸ್ತೆ ಅದು! ಖರ್ಚು ಮಾಮೂಲಿ ರಸ್ತೆಗಿಂತ ಎಷ್ಟೋ ಪಾಲು ಹೆಚ್ಚು ಎಂಬ ಟೀಕೆಯೂ ಬಂತು.

2017ರ ಜೂನ್‌ನಲ್ಲಿ ಬೆಂಗಳೂರು ಕೇಂದ್ರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಈ ಪದ್ಧತಿ ಅವೆನ್ಯೂ ರಸ್ತೆಗೂ ಬಂತು. ಆದರೆ ಚರ್ಚ್ ಸ್ಟ್ರೀಟಿನ ಅಳತೆ ಪೇಟೆಗೆ ಸುಲಭವಾಗಿ ಒಗ್ಗುವುದೇ? ಕೆಂಪೇಗೌಡ ರಸ್ತೆಯಿಂದ ಮಾರುಕಟ್ಟೆಯವರೆಗೆ ಸುಮಾರು ಒಂದು ಕಿಲೋಮೀಟರು. ಎರಡೂ ಕಡೆ ಗೋಡೆಗೆ ಗೋಡೆ ಅಂಟಿದ ಅಂಗಡಿ. ತಲೆಹೊರೆ, ಕೈಗಾಡಿ, ಆಟೋ, ಸ್ಕೂಟರು. 2021–22ರಲ್ಲಿ ಇದನ್ನು ಅಗೆದಿದ್ದಾಗ ಹಲಗೆಯ ಮೇಲೆ ಕಾಲಿಟ್ಟು ಅಂಗಡಿ ಹೊಗುವ ಸ್ಥಿತಿ. ಕೊರೋನಾದಿಂದ ಆಗಲೇ ಸೋತಿದ್ದ ವ್ಯಾಪಾರಿಗಳು ಕೆಲಸದ ನಿಧಾನದ ಬಗ್ಗೆ ಕೂಗಿದರು. ನಾನು ಪುಸ್ತಕ ಕೊಳ್ಳುವ ಅಂಗಡಿಯ ಹಿರಿಯರು ಆಗ ಹೇಳಿದ್ದು: “ರಸ್ತೆ ಬೇಡ ಅಂತ ಯಾರೂ ಹೇಳಲ್ಲ ಮೇಡಂ. ನಮ್ಮ ಮುಂದಿನ ಹತ್ತು ಅಡಿಯನ್ನ ಯಾವತ್ತು ಅಗೀತೀರಿ, ಯಾವತ್ತು ಮುಚ್ತೀರಿ, ಅದನ್ನ ಹೇಳಿ ಸಾಕು.” ಎಷ್ಟು ಸಣ್ಣ ಬೇಡಿಕೆ! ಪೇಟೆಯಲ್ಲಿ ರಸ್ತೆಯ ದರವನ್ನು ಚದರ ಮೀಟರಿನಲ್ಲಿ ಮಾತ್ರ ಹೇಳಿದರೆ ಸಾಲದು, ಬಾಗಿಲು ಮುಚ್ಚಿದ ದಿನಗಳಲ್ಲೂ ಹೇಳಬೇಕು.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. 1999ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ಮಾಡಿತು. ಮರುವರ್ಷ ಜಾರಿಗೆ ಬಂತು. ಟೆಂಡರನ್ನು ಬಹಿರಂಗವಾಗಿ ಪ್ರಕಟಿಸಬೇಕು, ಬೇಕಾದವರಿಗೆ ಮಾತ್ರ ಗುಟ್ಟಾಗಿ ಹೇಳುವಂತಿಲ್ಲ. ಮೊದಲ ನಿಯಮಗಳ ಪ್ರಕಾರ 2 ಕೋಟಿ ರೂಪಾಯಿವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕಾಲಾವಕಾಶ ಕೊಡಬೇಕಿತ್ತು. ಆದರೆ ಅದೇ ಕಾನೂನಿನ 4(ಜಿ) ಕಲಮಿನಲ್ಲಿ, ಸರ್ಕಾರ ಅಧಿಸೂಚನೆ ಹೊರಡಿಸಿ ಒಂದು ಕೆಲಸಕ್ಕೆ ವಿನಾಯಿತಿ ಕೊಡಬಹುದೆಂಬ ಹಿತ್ತಿಲ ಬಾಗಿಲೂ ಇದೆ. ಇನ್ನು 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ನೂರಕ್ಕೆ ನಲವತ್ತರ ಕಮಿಷನ್ನಿನ ಆರೋಪ ಮಾಡಿತು. ಆಮೇಲೆ ಬಂದ ಸರ್ಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಆಯೋಗವನ್ನು ವಿಚಾರಣೆಗೆ ನೇಮಿಸಿತು. ರಾಜಕೀಯ ನನ್ನ ವಿಷಯವಲ್ಲ. ಗೃಹಿಣಿಯ ಲೆಕ್ಕವೊಂದು ಮಾತ್ರ ಹೇಳುತ್ತೇನೆ: ನೂರು ರೂಪಾಯಿಯಲ್ಲಿ ನಡುವೆಯೇ ಅಷ್ಟೋ ಇಷ್ಟೋ ಸೋರಿದರೆ ಕಡಿಮೆಯಾಗುವುದು ಕಣ್ಣಿಗೆ ಕಾಣುವ ಡಾಂಬರಲ್ಲ, ಕಾಣದ ಜಲ್ಲಿ.

ಕಾಣದ್ದು ಎಷ್ಟು ಮುಖ್ಯ ಎಂಬುದನ್ನು ಪೀಣ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2010ರಲ್ಲಿ ತೆರೆದ ನಮ್ಮ ತುಮಕೂರು ರಸ್ತೆಯ ಮೇಲ್ಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಒಮ್ಮೆಲೇ ಮುಚ್ಚಿದರು. ಮೇಲಿನ ಡಾಂಬರಿಗೆ ಏನೂ ಆಗಿರಲಿಲ್ಲ. ಕಾಂಕ್ರೀಟಿನೊಳಗೆ ಬಿಗಿದಿಟ್ಟ ಉಕ್ಕಿನ ಹುರಿಗಳಲ್ಲಿ ದೋಷ. 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳನ್ನು ಬಿಟ್ಟರು. ಲಾರಿ ಬಸ್ಸುಗಳು ಮತ್ತೆ ಮೇಲೆ ಹತ್ತಿದ್ದು 2024ರಲ್ಲಿ. ಅಷ್ಟು ಕಾಲ ಆ ಲಾರಿಗಳೆಲ್ಲ ನಮ್ಮ ಮಕ್ಕಳು ಶಾಲೆಗೆ ಬರುವ ಕೆಳಗಿನ ರಸ್ತೆಯಲ್ಲೇ ಓಡಾಡಿದವು.

ಆ ಹಿಂದಿನ ಬೆಂಚಿನ ಹುಡುಗನ ತಾಯಿಯೂ ಕಾಣದ ಲೆಕ್ಕಕ್ಕೇ ಸೇರಿದವಳು. ರಾಯಚೂರಿನ ಕಡೆಯವಳು, ಬಿಸಿ ಡಾಂಬರಿನ ಹಬೆಯಲ್ಲಿ ಬುಟ್ಟಿ ಹೊರುತ್ತಾಳೆ. 1996ರ ಕಾನೂನು ತಂದ ಪದ್ಧತಿಯಂತೆ ಕಾಮಗಾರಿಯ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ರಸ್ತೆ ಕೆಲಸವೂ ಇದಕ್ಕೆ ಸೇರಿದೆ. ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನವೂ ಇದರಿಂದಲೇ. ಆದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣ ಬೇಕು. ಮೇಸ್ತ್ರಿಯಿಂದ ಮೇಸ್ತ್ರಿಗೆ, ತುಂಡು ಗುತ್ತಿಗೆಯಿಂದ ತುಂಡು ಗುತ್ತಿಗೆಗೆ ಅಲೆಯುವ ಹೆಣ್ಣುಮಗಳಿಗೆ ಅದನ್ನು ಬರೆದುಕೊಡುವವರು ಯಾರು? ಆ ಅರ್ಜಿ ತುಂಬಲು ನಾವು ಇಬ್ಬರು ಮೂವರು ಶಿಕ್ಷಕಿಯರು ಶನಿವಾರ ಮಧ್ಯಾಹ್ನ ಕೂರುತ್ತೇವೆ. ಇದೂ ರಸ್ತೆಯ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ಹೊತ್ತವರು ಪೇಟೆಯ ಬೀದಿ ಬೀದಿಯಲ್ಲೂ ನಡೆಯುತ್ತಾರೆ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತಾರೆ. ಆ ದಾರಿಯ ಗುಂಡಿಗಳನ್ನು ಕರಗಕ್ಕೆ ಮುಂಚೆ ಮುಚ್ಚುವುದು ವಾಡಿಕೆ. ವರ್ಷಕ್ಕೊಂದು ರಾತ್ರಿಗಾದರೂ, ನಡೆಯುವ ಕಾಲನ್ನು ನೆನೆದು ರಸ್ತೆ ಸರಿಮಾಡುತ್ತೇವಲ್ಲ ಎಂದು ಸಮಾಧಾನ. ಉಳಿದ ರಾತ್ರಿ ಹಗಲುಗಳಲ್ಲಿ ಅಲ್ಲಿ ನಡೆಯುವವರು ತಲೆಹೊರೆಯವರು, ಹೂ ಮಾರುವವರು, ಮಗುವನ್ನು ಸೊಂಟಕ್ಕೇರಿಸಿಕೊಂಡ ನಮ್ಮಂಥವರು.

ರಸ್ತೆ ಕೆಲಸ ನಡೆಯುವ ಕಡೆ ಒಂದು ಫಲಕ ಇರುತ್ತದೆ, ಇಲ್ಲವೇ ಇರಬೇಕು. ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಸುವ ದಿನ, ಕೆಟ್ಟರೆ ಎಷ್ಟು ವರ್ಷ ಅವರೇ ಸರಿಮಾಡಿಕೊಡಬೇಕು ಎಂಬ ಹೊಣೆ. ಸೀರೆ ಕೊಳ್ಳುವಾಗ ಸೆರಗು, ಒಡಲು, ಅಂಚು ತಿರುಗಿಸಿ ನೋಡಿ, ಬಣ್ಣ ಹೋದರೆ ವಾಪಸು ತಗೋತೀರಾ ಎಂದು ಕೇಳುವವರು ನಾವು. ಆ ಫಲಕದ ಮುಂದೆ ಎರಡು ನಿಮಿಷ ನಿಂತು ಓದೋಣ. ಫಲಕ ಇಲ್ಲದಿದ್ದರೆ ಎಲ್ಲಿ ಎಂದು ಕೇಳೋಣ. 2005ರಿಂದ ಮಾಹಿತಿ ಹಕ್ಕಿನ ಕಾನೂನೂ ನಮ್ಮ ಕೈಯಲ್ಲಿದೆ. ಕೆರೆದು ಹಾಸಿದಿರೋ, ಹಾಗೇ ಹಾಸಿದಿರೋ ಎಂಬ ಒಂದೇ ಪ್ರಶ್ನೆ ಸಾಕು.

ಹುಡುಗ ಕೇಳಿದ್ದೂ ಇಂಥದೇ ಪ್ರಶ್ನೆ. ಕೆಂಪೇಗೌಡರ ಕಾಲದ ಕಂಟ್ರಾಕ್ಟರು ಯಾರೆಂದು ನನ್ನ ಪುಸ್ತಕಗಳಲ್ಲಿ ಇಲ್ಲ. ಈ ಕಾಲದ ರಸ್ತೆಯ ಬಗ್ಗೆ ಮುಂದಿನ ಮಕ್ಕಳು ಕೇಳಿದರೆ ಉತ್ತರ ಇರಬೇಕು. ಅವನ ತಾಯಿಯ ಹೆಸರೂ ಆ ಲೆಕ್ಕದಲ್ಲಿ ಇರಬೇಕು.