ಈಮ್ಸ್ ಹೌಸ್

ಈಮ್ಸ್ ಹೌಸ್ ಅಮೆರಿಕ ಸಂಯುಕ್ತ ಸಂಸ್ಥಾನದ ಲಾಸ್ ಏಂಜಲೀಸ್ ನಗರದ ಪೆಸಿಫಿಕ್ ಪ್ಯಾಲಿಸೇಡ್ಸ್ ಪ್ರದೇಶದಲ್ಲಿ, ಪೆಸಿಫಿಕ್ ಮಹಾಸಾಗರಕ್ಕೆ ಅಭಿಮುಖವಾದ ದಿಬ್ಬದ ಮೇಲಿರುವ ಆಧುನಿಕತಾವಾದಿ ವಾಸಗೃಹ. ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಇದನ್ನು ತಮ್ಮ ವಾಸಕ್ಕಾಗಿಯೂ ಕೆಲಸಕ್ಕಾಗಿಯೂ ರೂಪಿಸಿಕೊಂಡರು. ನಿರ್ಮಾಣ 1949ರಲ್ಲಿ ಪೂರ್ಣಗೊಂಡಿತು. ಭಾರತ ಸರ್ಕಾರದ ಕೋರಿಕೆಯ ಮೇರೆಗೆ 1958ರಲ್ಲಿ 'ಇಂಡಿಯಾ ರಿಪೋರ್ಟ್' ಸಿದ್ಧಪಡಿಸಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಾಪನೆಗೆ ಕಾರಣರಾದವರೂ ಇವರೇ.

ಹಿನ್ನೆಲೆ

ಜಾನ್ ಎಂಟೆನ್ಝಾ ಸಂಪಾದಿಸುತ್ತಿದ್ದ 'ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್' ಪತ್ರಿಕೆಯು 1945ರಲ್ಲಿ 'ಕೇಸ್ ಸ್ಟಡಿ ಹೌಸ್' ಯೋಜನೆಯನ್ನು ಪ್ರಕಟಿಸಿತು. ಯುದ್ಧಾನಂತರದ ಕುಟುಂಬಗಳಿಗೆ ಹೊಸ ಸಾಮಗ್ರಿಗಳಿಂದ ಮಾದರಿ ಮನೆಗಳನ್ನು ಕಟ್ಟಿ ತೋರಿಸುವುದು ಅದರ ಉದ್ದೇಶ. ಈಮ್ಸ್ ದಂಪತಿಗಳ ಮನೆ ಆ ಸರಣಿಯ 8ನೆಯದು. ನೆರೆಯ 9ನೆಯದು ಎಂಟೆನ್ಝಾ ಅವರ ಸ್ವಂತ ಮನೆ.

ಬದಲಾದ ನಕ್ಷೆ

ಚಾರ್ಲ್ಸ್ ಈಮ್ಸ್ ಮತ್ತು ಈರೋ ಸಾರಿನೆನ್ ರಚಿಸಿದ ಮೊದಲ ನಕ್ಷೆಯಲ್ಲಿ ಮನೆಯು ಸೇತುವೆಯಂತೆ ಇಳಿಜಾರಿನಿಂದ ಹೊರಚಾಚಿ, ಹುಲ್ಲುಗಾವಲಿನ ಮೇಲೆ ನಿಂತು ನೇರವಾಗಿ ಕಡಲನ್ನು ನೋಡುತ್ತಿತ್ತು. ಯುದ್ಧಾನಂತರದ ಉಕ್ಕಿನ ಅಭಾವದಿಂದ ಸಾಮಗ್ರಿ ತಲಪಿದ್ದು 1948ರಲ್ಲಿ. ಈ ನಡುವೆ ದಂಪತಿಗಳು ಆಗಾಗ ನಿವೇಶನಕ್ಕೆ ಬಂದು, ಆ ಬಯಲಿನಲ್ಲಿ ಕುಳಿತು ಊಟಮಾಡಿ ಹೋಗುತ್ತಿದ್ದರು. ತಾವು ಮೆಚ್ಚಿದ ಜಾಗವನ್ನೇ ತಮ್ಮ ಮನೆ ನುಂಗಿಹಾಕುವುದೆಂಬುದು ಅವರಿಗೆ ಮನವರಿಕೆಯಾಯಿತು. ನಕ್ಷೆಯನ್ನು ಕೈಬಿಟ್ಟು, ಕಟ್ಟಡವನ್ನು ಗುಡ್ಡದ ಅಂಚಿಗೆ, ನೀಲಗಿರಿ ಮರಗಳ ಸಾಲಿನ ಹಿಂದಕ್ಕೆ ಸರಿಸಿದರು. ಹೀಗಾಗಿ ಮನೆಯ ಉದ್ದನೆಯ ಪಾರ್ಶ್ವ ಮರಗಳಿಗೆ ಎದುರಾಗಿದೆ. ಕಿರಿದಾದ ಒಂದು ತುದಿ ಮಾತ್ರ ಸಾಗರದ ಕಡೆಗಿದೆ. ಸಮುದ್ರತೀರದ ಮನೆಯೊಂದು ಸಮುದ್ರದ ನೋಟವನ್ನು ಇಷ್ಟರಮಟ್ಟಿಗೆ ಬಿಟ್ಟುಕೊಟ್ಟಿರುವುದು ಅಪರೂಪ. ತಂದಿರಿಸಿದ್ದ ಉಕ್ಕಿಗೆ ಒಂದೇ ಒಂದು ತೊಲೆಯನ್ನು ಸೇರಿಸಿ ಹೊಸ ಮನೆ ಕಟ್ಟಲಾಯಿತೆಂಬ ಪ್ರಸಿದ್ಧ ಮಾತನ್ನು ಐತಿಹ್ಯವಾಗಿ ಓದುವುದೇ ಲೇಸು.

ರಚನೆ

ಗುಡ್ಡದ ಮಣ್ಣನ್ನು ತಡೆಯಲು ಸುಮಾರು 200 ಅಡಿ ಉದ್ದದ ಕಾಂಕ್ರೀಟ್ ಗೋಡೆಯಿದೆ. ಅದಕ್ಕೆ ಬೆನ್ನುಕೊಟ್ಟು ಎರಡು ಅಂತಸ್ತಿನ ವಾಸದ ಮನೆ ಮತ್ತು ಕಾರ್ಯಾಗಾರ ನಿಂತಿವೆ. ನಡುವೆ ತೆರೆದ ಅಂಗಳ. ಉಕ್ಕಿನ ಚೌಕಟ್ಟು 7.5 ಅಡಿ ಅಗಲದ ಅಂಕಣಗಳಾಗಿ ವಿಭಾಗಗೊಂಡಿದೆ: ಮನೆಗೆ 8, ಕಾರ್ಯಾಗಾರಕ್ಕೆ 5. ಕಪ್ಪು ಬಣ್ಣದ ಈ ಚೌಕಟ್ಟಿನೊಳಗೆ ಗಾಜೂ ಕೆಂಪು, ನೀಲಿ, ಬಿಳಿ ಫಲಕಗಳೂ ಕೂಡಿಕೊಂಡಿವೆ. ಕಿಟಕಿಗಳೂ ತೊಲೆಗಳೂ ಕಾರ್ಖಾನೆಯ ಸಿದ್ಧವಸ್ತುಗಳೇ. ಕಡಲ ಕಡೆಯ ತುದಿಯ ಪಡಸಾಲೆ ಎರಡೂ ಅಂತಸ್ತುಗಳ ಎತ್ತರವನ್ನು ಪಡೆದಿದೆ. ಯಂತ್ರದಿಂದ ಬಂದ ಈ ಚೌಕಟ್ಟನ್ನು ದಂಪತಿಗಳು ಜಾನಪದ ಗೊಂಬೆ, ಚಿಪ್ಪು, ಚಾಪೆ, ಪುಸ್ತಕಗಳಿಂದ ತುಂಬಿದರು. ಆಧುನಿಕತಾವಾದಿ ಮನೆ ಬರಿದಾಗಿಯೇ ಇರಬೇಕೆಂಬ ನಂಬಿಕೆಗೆ ಇದು ಅಪವಾದ.

ನಂತರದ ದಿನಗಳು

ಚಾರ್ಲ್ಸ್ 1978ರ ಆಗಸ್ಟ್ 21ರಂದು ನಿಧನರಾದರು. ಸರಿಯಾಗಿ ಹತ್ತು ವರ್ಷಗಳ ಬಳಿಕ, ಅದೇ ದಿನಾಂಕದಂದು ರೇ ತೀರಿಕೊಂಡರು. ಮನೆಯನ್ನು 2006ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಕಾಳ್ಗಿಚ್ಚು ಸುತ್ತಲಿನ ಸಾವಿರಾರು ಕಟ್ಟಡಗಳನ್ನು ಸುಟ್ಟಾಗ ಈ ಮನೆ ಉಳಿಯಿತಾದರೂ ಹೊಗೆಯಿಂದ ಹಾನಿಗೊಳಗಾಯಿತು. ಶುಚಿಗೊಳಿಸಿದ ಬಳಿಕ ಅದೇ ವರ್ಷದ ಜುಲೈನಲ್ಲಿ ಸಂದರ್ಶಕರಿಗೆ ಮತ್ತೆ ತೆರೆಯಲಾಯಿತು.