ಬಾದಾಮಿಯ ಮೊದಲ ಕ್ಯಾಮೆರಾ, ಪತ್ರಕರ್ತನ ಲೇಖನಿ

ಲೋಕಾಪುರದ ಆಗ್ನೇಯಕ್ಕಿರುವ ಬಾದಾಮಿ, ಐಹೊಳೆಗಳ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಥಾಮಸ್ ಬಿಗ್ಸ್ ತೆಗೆದವು ಮುಖ್ಯವಾದವು. ಮುಂಬಯಿ ಫಿರಂಗಿ ದಳದ ಈ ಕ್ಯಾಪ್ಟನ್‌ನನ್ನು ಮುಂಬಯಿ ಸರಕಾರ 1855ರಲ್ಲಿ ಸರಕಾರಿ ಛಾಯಾಗ್ರಾಹಕನಾಗಿ ನೇಮಿಸಿತು. ಭಾರತೀಯ ಪುರಾತತ್ವ ಸರ್ವೇಕ್ಷಣೆ ಹುಟ್ಟಿದ್ದು 1861ರಲ್ಲಿ. ಬಿಗ್ಸ್‌ನ ಚಿತ್ರಗಳು ಅದಕ್ಕೂ ಮೊದಲಿನವು.

ಆಗ ಫಿಲ್ಮ್ ಇರಲಿಲ್ಲ. ಬೆಳ್ಳಿಯ ಲವಣ ಹಚ್ಚಿದ ಕಾಗದವೇ ನೆಗೆಟಿವ್. ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಅಲುಗಾಡಿದವರು ಮಸುಕಾಗುತ್ತಿದ್ದರು, ಕಲ್ಲು ಮಾತ್ರ ಸ್ಪಷ್ಟವಾಗಿ ಉಳಿಯುತ್ತಿತ್ತು. ಬಯಲುಸೀಮೆಯ ಬಿಸಿಲಿನಲ್ಲಿ, ರಸಾಯನಗಳ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುತ್ತ ಮಾಡಿದ ಈ ಕೆಲಸ ಅಚ್ಚರಿ ಹುಟ್ಟಿಸುವಂಥದ್ದು. 1855ರ ಕೊನೆಗೆ ಬಿಗ್ಸ್ ಸೈನ್ಯಕ್ಕೆ ಮರಳಿದ. ವೈದ್ಯ ಪಿಗೌ ಕೆಲಸ ಮುಂದುವರಿಸಿದ.

ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು. ಅವುಗಳಿಗೆ ಇತಿಹಾಸ ಬರೆದವನು ಕರ್ನಲ್ ಮೆಡೋಸ್ ಟೇಲರ್. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಈತ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ 1840ರಿಂದ 1853ರವರೆಗೆ ಭಾರತದಿಂದ ವರದಿ ಬರೆದವನು. ಚಿತ್ರಕ್ಕೆ ಮಾತು ಜೋಡಿಸಿ ನೆಲವೊಂದನ್ನು ದೂರದವರಿಗೆ ತೋರಿಸುವುದು ಇಂದು ಸಾಕ್ಷ್ಯಚಿತ್ರದ ಕೆಲಸ. ಈ ಭಾಗದಲ್ಲಿ ಅದರ ಆರಂಭವನ್ನು ಆ ಗ್ರಂಥದಲ್ಲೇ ಕಾಣಬೇಕು.

ಗ್ರಂಥ ಬಂದ ಮೇಲೆ, 1874ರಲ್ಲಿ, ಪುರಾತತ್ವಜ್ಞ ಜೇಮ್ಸ್ ಬರ್ಜೆಸ್ ಇದೇ ಭಾಗದ ಬೆಳಗಾವಿ, ಕಲಾದಗಿ ಜಿಲ್ಲೆಗಳ ಪುರಾತತ್ವ ಸರ್ವೇಕ್ಷಣೆ ಕೈಗೊಂಡ. ಬಿಗ್ಸ್‌ನ ಚಿತ್ರಗಳ ಪ್ರತಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.