ದೆವ್ವ ಹಿಡಿಯುವ ಪಿಕಪ್ ಗಾಡಿ: ಅದರ ಮೇಲಿರುವ ಯಂತ್ರಗಳು ನಿಜವೇ?

ಬಿಳಿ ಪಿಕಪ್ ಗಾಡಿ. ಬಾಗಿಲ ಮೇಲೆ ಕೆಂಪು ವೃತ್ತದಲ್ಲಿ ಸಿಕ್ಕಿಕೊಂಡ ದೆವ್ವದ ಚಿತ್ರ, ನೆತ್ತಿಯಲ್ಲಿ ನೀಲಿ ದೀಪ, ಹಿಂದೆ ಪೈಪು, ವೈರು, ಡಬ್ಬಗಳ ರಾಶಿ. ಪಕ್ಕದಲ್ಲಿ ಸಮವಸ್ತ್ರ ತೊಟ್ಟು, ಬೆನ್ನಿಗೆ ಯಂತ್ರ ಕಟ್ಟಿಕೊಂಡ ನಾಲ್ಕು ಜನ. ಇಂಥ ಫೋಟೊ "ಅಮೆರಿಕದಲ್ಲಿ ದೆವ್ವ ಹಿಡಿಯಲು ವಿಶೇಷ ವಾಹನ" ಎಂಬ ಒಕ್ಕಣೆಯೊಂದಿಗೆ ನಿಮ್ಮ ಫೋನಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಇದು ಸರ್ಕಾರಿ ವಾಹನವೂ ಅಲ್ಲ, ವಿಜ್ಞಾನಿಗಳದ್ದೂ ಅಲ್ಲ. 1984ರಲ್ಲಿ ಬಂದ 'ಘೋಸ್ಟ್‌ಬಸ್ಟರ್ಸ್' ಎಂಬ ಹಾಲಿವುಡ್ ಹಾಸ್ಯಚಿತ್ರದ ಅಭಿಮಾನಿಗಳು ಕಟ್ಟಿದ ಗಾಡಿ. ಚಿತ್ರದಲ್ಲಿ ನ್ಯೂಯಾರ್ಕ್‌ನ ದೆವ್ವ ಹಿಡಿಯುವ ತಂಡ ಓಡಿಸುವುದು 'ಎಕ್ಟೊ-1' ಎಂಬ ಕಾರು. ಅದು 1959ರ ಕ್ಯಾಡಿಲಾಕ್ ಆಂಬುಲೆನ್ಸ್. ಅಂಥ ಹಳೇ ಗಾಡಿ ಈಗ ಸಿಗುವುದೇ ಅಪರೂಪ, ಸಿಕ್ಕರೂ ಬೆಲೆ ಕೈಗೆಟುಕದು. ಹಾಗಾಗಿ ಅಭಿಮಾನಿಗಳು ಮನೆಯಲ್ಲಿರುವ ಕಾರು, ವ್ಯಾನು, ಪಿಕಪ್ಪನ್ನೇ ಸಿಂಗರಿಸುತ್ತಾರೆ. ಮೇಲಿರುವ 'ಯಂತ್ರ'ಗಳನ್ನು ಹತ್ತಿರದಿಂದ ನೋಡಿದರೆ ಪ್ಲಂಬಿಂಗ್ ಪೈಪು, ಗುಜರಿ ಸಾಮಾನು, ಎಲ್‌ಇಡಿ ಪಟ್ಟಿ. ಮೂಲ ಚಿತ್ರದಲ್ಲೂ ಅಷ್ಟೇ. ದೆವ್ವ ಪತ್ತೆಹಚ್ಚುವ ಕೈಯಂತ್ರವನ್ನು ಬೂಟು ಪಾಲಿಶ್ ಮಾಡುವ ವಿದ್ಯುತ್ ಉಪಕರಣದಿಂದ ತಯಾರಿಸಿದ್ದರು! ಈ ಗುಂಪುಗಳು ಮೆರವಣಿಗೆಗಳಲ್ಲಿ ಗಾಡಿ ನಿಲ್ಲಿಸಿ, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು, ಎಷ್ಟೋ ಸಲ ಆಸ್ಪತ್ರೆಗಳಿಗೆ ದೇಣಿಗೆಯನ್ನೂ ಸಂಗ್ರಹಿಸುತ್ತವೆ. ದೆವ್ವ ಹಿಡಿಯುತ್ತೇವೆಂದು ಯಾರನ್ನೂ ನಂಬಿಸುವುದಿಲ್ಲ. ನಮಗೇನೋ ಇದು ಚೆಂದದ ಹುಚ್ಚು ಎನಿಸುತ್ತದೆ. (ನಿಮ್ಮ ಬೊಲೆರೊಗೂ ಹೀಗೇ ಮಾಡಿಸುವ ಆಸೆಯಾದರೆ ತಡೆಯಿರಿ, ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆ ಬದಲಿಸಲು ಬಿಡುವುದಿಲ್ಲ.)

ತೊಂದರೆ ಇರುವುದು ಇನ್ನೊಂದು ಬಗೆಯ ಜನರಲ್ಲಿ. ಇವರು ನಿಜವಾಗಿಯೂ ದೆವ್ವ ಹುಡುಕುತ್ತೇವೆನ್ನುತ್ತಾ ಮೀಟರು ಹಿಡಿದು ಪಾಳುಮನೆಗಳಲ್ಲಿ ವಿಡಿಯೊ ಮಾಡುತ್ತಾರೆ. ಮಿನುಗುವ ಆ ಇಎಂಎಫ್ ಮೀಟರ್ ನಕಲಿಯಲ್ಲ, ಆದರೆ ಅದು ಅಳೆಯುವುದು ವಿದ್ಯುತ್ಕಾಂತ ಕ್ಷೇತ್ರವನ್ನು. ಗೋಡೆಯೊಳಗಿನ ವೈರಿಂಗ್, ಫ್ರಿಜ್ಜಿನ ಮೋಟಾರು, ಜೇಬಿನಲ್ಲಿರುವ ಮೊಬೈಲು, ಯಾವುದಕ್ಕೂ ಅದರ ದೀಪ ಹೊತ್ತಿಕೊಳ್ಳಬಹುದು. ಅವರು ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೋವಿಡ್ ಕಾಲದಲ್ಲಿ ನಮ್ಮ ಹಣೆಗೆ ಹಿಡಿಯುತ್ತಿದ್ದಂಥದ್ದೇ. ಅದು ಎದುರಿನ ಗೋಡೆಯ ಮೈ ಎಷ್ಟು ತಂಪಾಗಿದೆ ಎನ್ನುತ್ತದೆಯೇ ಹೊರತು ನಡುವಿನ ಗಾಳಿಯಲ್ಲಿ ಏನು ತೇಲುತ್ತಿದೆ ಎಂದಲ್ಲ.

ಹಾಗಾದರೆ ಮನೆಯಲ್ಲಿ ಹೆಜ್ಜೆ ಸದ್ದು ಕೇಳಿತು, ಯಾರೋ ನಿಂತಂತಾಯಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಕಥೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. 1912ರಲ್ಲಿ ಹಳೇ ದೊಡ್ಡ ಮನೆಗೆ ಬಂದ ಆ ಮನೆಯವರಿಗೆ ರಾತ್ರಿ ಹೆಜ್ಜೆ ಸದ್ದು ಕೇಳುತ್ತಿತ್ತು, ಅಪರಿಚಿತರು ಕಾಣಿಸುತ್ತಿದ್ದರು. ಮಕ್ಕಳು ಬಿಳಿಚಿಕೊಂಡಿದ್ದರು, ತಲೆನೋವು ಬಿಡುತ್ತಿರಲಿಲ್ಲ, ಮನೆಯೊಳಗಿನ ಗಿಡಗಳೂ ಸಾಯುತ್ತಿದ್ದವು. ಕೊನೆಗೆ ಪರೀಕ್ಷಿಸಿದಾಗ ಮನೆ ಬಿಸಿಮಾಡುವ ಒಲೆ ಕೆಟ್ಟಿತ್ತು, ಹೊಗೆ ಚಿಮಣಿಗೆ ಹೋಗದೆ ಕೋಣೆಗಳಿಗೆ ತುಂಬುತ್ತಿತ್ತು. ಅದರಲ್ಲಿದ್ದುದು ಕಾರ್ಬನ್ ಮೊನಾಕ್ಸೈಡ್. ಒಲೆ ಸರಿಯಾಯಿತು, 'ದೆವ್ವ'ವೂ ಹೋಯಿತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಗಲಿಬಿಲಿ, ಕೆಲವೊಮ್ಮೆ ಭ್ರಮೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಅದೂ ಅಮೆರಿಕಕ್ಕೇ ಸೀಮಿತವಲ್ಲ. ಕಿಟಕಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಬೆಂಗಳೂರಿನಲ್ಲೇ ಜನ ಸತ್ತಿದ್ದಾರೆ. ಚಳಿಗೆಂದು ಕೋಣೆಯೊಳಗೆ ಇದ್ದಿಲು ಕೆಂಡ ಇಟ್ಟು ಮಲಗಿದವರು ಏಳದಿರುವುದೂ ಉಂಟು. "ಗ್ಯಾಸ್ ಲೀಕ್ ಆದರೆ ವಾಸನೆ ಬರುತ್ತದಲ್ಲ" ಎನ್ನುತ್ತೀರಾ? ಆ ವಾಸನೆ ಅಡುಗೆ ಅನಿಲಕ್ಕೆ ಬೇಕೆಂದೇ ಸೇರಿಸಿದ್ದು. ಅದು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಆ ವಾಸನೆ ಇರುವುದಿಲ್ಲ.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಮಂತ್ರವಾದಿಯನ್ನೂ ಮೀಟರಿನವರನ್ನೂ ಕರೆಯಬೇಡಿ. ಒಲೆ, ಗೀಸರ್ ಆರಿಸಿ, ಕಿಟಕಿ ತೆರೆದು ಎಲ್ಲರೂ ಹೊರಬನ್ನಿ. ಸಿಲಿಂಡರ್ ಮತ್ತು ಗೀಸರ್ ಎರಡನ್ನೂ ಬಚ್ಚಲಿನ ಹೊರಗೆ ಗಾಳಿಯಾಡುವಲ್ಲಿ ಕೂರಿಸಿ. ಯಾರಾದರೂ ಬಿದ್ದಿದ್ದರೆ ಮೊದಲು ಬಯಲಿಗೆ ತಂದು 108ಕ್ಕೆ ಕರೆಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ವೈದ್ಯರಿಗೆ ನೀವೇ ತಿಳಿಸಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್‌ಗೆ ಈ ವಿಷಾನಿಲ ಗೊತ್ತಾಗುವುದಿಲ್ಲ, ಸಾಯುತ್ತಿರುವವರಲ್ಲೂ ಅದು 98 ತೋರಿಸಬಲ್ಲದು.